ಲಾಳಿಗೆ ಬಾಯಿ

ಹದಿನೆಂಟು ಬೆಳಗು ನಾನು ಸೋಲಾಪುರದ ಆ ಮಿಲ್ಲಿನ ಎಡಗಡೆಯ ಬಾಗಿಲಲ್ಲಿ ನಿಂತಿದ್ದೆ. ಹತ್ತೊಂಬತ್ತನೆಯ ಬೆಳಗು ಬಲಗಡೆಯ ಬಾಗಿಲಿನಿಂದ ಒಳಗೆ ಹೋದೆ. ಎರಡರ ನಡುವಿನ ಅಂತರ ಇಪ್ಪತ್ತು ಹೆಜ್ಜೆ ಇದ್ದೀತು. ಆ ಇಪ್ಪತ್ತು ಹೆಜ್ಜೆಗೆ ಆರು ವಾರ ಹೆದರಿ ಸತ್ತೆ.

ಎಡಗಡೆಯದು ನೂಲಿನ ಖಾತೆ. ಮಿಲ್ಲಿನಲ್ಲಿ ನಮ್ಮ ಕೇರಿಯವರಿಗೆ ಇದ್ದ ಜಾಗ ಅದೊಂದೇ. ಅಕ್ಕನ ಗಂಡ ಅಲ್ಲಿ ಕಾಯಂ ಇದ್ದ, ನಾನು ಅವನ ಒಂದೇ ಖೋಲಿಯ ಮನೆಯಲ್ಲಿ ಮೂಲೆ ಹಿಡಿದು ಉಳಿದಿದ್ದೆ. ಬೆಳಿಗ್ಗೆ ಮಿಲ್ಲಿನ ಭೋಂಗಾ, ಅಂದರೆ ಸೈರನ್, ಕೂಗುವ ಮೊದಲೇ ಬದಲಿ ಕೆಲಸಕ್ಕೆ ಕಾಯುವವರೆಲ್ಲ ಬಾಗಿಲ ಮುಂದೆ ನಿಲ್ಲಬೇಕು. ಕಾಯಂ ಆಳು ಯಾವನಾದರೂ ಬರದಿದ್ದರೆ ಅವನ ಜಾಗಕ್ಕೆ ಒಬ್ಬನನ್ನು ಕರೆಯುತ್ತಾರೆ. ಅದರಲ್ಲಿಯೂ ಬದಲಿ ಪಾಸು ಇದ್ದವರದು ಮೊದಲ ಸರದಿ. ಪಾಸಿಲ್ಲದ ನನ್ನಂಥವರು ಮೂರನೆಯ ಭೋಂಗಾ ಕೂಗಿ ಬಾಗಿಲು ಮುಚ್ಚುವವರೆಗೂ ಕತ್ತು ಉದ್ದ ಮಾಡಿ ನಿಂತು, ಆಮೇಲೆ ಧೋತರ ಝಾಡಿಸಿಕೊಂಡು ಮನೆಗೆ ಬರುವುದು.

ನನಗೆ ಬೇಕಾಗಿದ್ದು ಆ ಪಾಸು. ಊರು ಅಕ್ಕಲಕೋಟ ತಾಲೂಕಿನ ಕುರನೂರ. ಆ ಯುಗಾದಿಗೆ ನಮ್ಮಪ್ಪ ಗೆಜ್ಜೆಕೋಲನ್ನು ಚಾವಡಿಯಲ್ಲಿ ಒಪ್ಪಿಸಿ ಬಂದುಬಿಟ್ಟಿದ್ದ. ಗೆಜ್ಜೆಕೋಲು ಅಂದರೆ ಊರ ಚಾಕರಿಯ ಕೋಲು: ಅದನ್ನು ಹಿಡಿದವನು ಗೌಡರ ಹೇಳಿಕೆ ಹೊತ್ತು ಊರೂರು ಓಡಬೇಕು, ಸತ್ತ ಎತ್ತು ಎಳೆಯಬೇಕು, ಸಂಜೆ ಮನೆಮನೆಯ ಬಾಗಿಲಲ್ಲಿ ರೊಟ್ಟಿಗೆ ಕೂಗಬೇಕು. ಅಪ್ಪ ಕೋಲು ಕೊಟ್ಟ ದಿನದಿಂದ ಊರು ನಮಗೆ ಮುಖ ತಿರುಗಿಸಿತು. ಹೆಂಡತಿ ಬಸುರಿ, ಏಳು ತುಂಬಿತ್ತು. ಹೆರಿಗೆಯ ಒಳಗೆ ಅವಳನ್ನು ಸೋಲಾಪುರಕ್ಕೆ ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೆ. ಕೆಲಸ ಸಿಗದೆ ತಿರುಗಿ ಹೋದರೆ ಆ ಕೋಲು ಚಾವಡಿಯ ಮೂಲೆಯಲ್ಲಿ ನನ್ನ ದಾರಿ ಕಾಯುತ್ತಿತ್ತು.

ಆ ಬೆಳಗು ಬಲಗಡೆಯ ಬಾಗಿಲಿನಿಂದ ಮಗ್ಗದ ಖಾತೆಯ ಜಾಬರ್ ಹೊರಗೆ ಬಂದ. ಆಳುಗಳ ಮೇಲಿನ ಮುಕಾದಮ, ದಪ್ಪ ಮೀಸೆಯ ಮರಾಠಿ ಮನುಷ್ಯ. ಒಬ್ಬ ನೇಕಾರನಿಗೆ ವಿಷಮಜ್ವರ ಬಂದು ಆಸ್ಪತ್ರೆ ಸೇರಿದ್ದ. ಅವನ ಎರಡು ಮಗ್ಗ ನಿಂತಿದ್ದವು. ಆ ದಿನ ಮಗ್ಗದ ಬದಲಿಗಳು ಕಡಿಮೆ ಬಂದಿದ್ದರೆಂದು ಕಾಣುತ್ತದೆ, ಜಾಬರ್ ನಮ್ಮ ಗುಂಪಿನ ಕಡೆಗೂ ತಿರುಗಿ ಕೂಗಿದ: “ದೋನ ಮಾಗ ಚಾಲವಾಯಲಾ ಕೋಣಾಲಾ ಯೇತಂ ರೇ?”

ಎರಡು ಮಗ್ಗ ನಡೆಸಲು ಯಾರಿಗೆ ಬರುತ್ತದೆ? ನನ್ನ ಸುತ್ತಲಿನವರೆಲ್ಲ ನೆಲ ನೋಡಿದರು. ಬರುವುದಿಲ್ಲ ಎಂದಲ್ಲ, ಆ ಬಾಗಿಲು ನಮ್ಮದಲ್ಲ ಎಂದು. ನನ್ನ ಕೈ ಮಾತ್ರ ಮೇಲೆ ಹೋಯಿತು. ಇವತ್ತಿಗೂ ನಾನು ಎತ್ತಿದೆ ಎಂದು ಹೇಳಲಾರೆ, ಕೈ ತಾನೇ ಹೋಯಿತು.

“ನಾವ್?” ಹೆಸರು ಕೇಳಿದ.

“ಸಿದ್ರಾಮ.” ಸೋಲಾಪುರದಲ್ಲಿ ಕಣ್ಣು ಮುಚ್ಚಿ ಕಲ್ಲು ಒಗೆದರೆ ಸಿದ್ರಾಮನ ತಲೆಗೇ ಬೀಳುತ್ತದೆ. ಆ ಹೆಸರಿಗೆ ಜಾತಿ ಇಲ್ಲ.

“ಆಡನಾವ್?”

“ಕುರನೂರಕರ.” ಊರಿನ ಹೆಸರನ್ನೇ ಅಡ್ಡಹೆಸರು ಮಾಡಿ ಹೇಳಿದೆ.

“ಚಲ್, ಆತ ಚಲ್.” ನಡೆ, ಒಳಗೆ ನಡೆ.

ಅಷ್ಟೇ. ಅವನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೆ, ಒಂದೂ ಸುಳ್ಳು ಹೇಳಿರಲಿಲ್ಲ. ಆರು ವಾರ ಇದನ್ನೇ ನನಗೆ ನಾನು ಹೇಳಿಕೊಳ್ಳುತ್ತ ಓಡಾಡಿದೆ.

ನೇಯ್ಗೆ ನನಗೆ ಹೊಸದಲ್ಲ. ನಮ್ಮಪ್ಪ ಮನೆಯಲ್ಲಿ ಕುಣಿಮಗ್ಗ ಇಟ್ಟುಕೊಂಡು ದಪ್ಪ ನೂಲಿನ ಪಂಜೆ ನೇಯುತ್ತಿದ್ದ. ಊರಿನ ದೊಡ್ಡವರೂ ಅದನ್ನೇ ಒಯ್ದು, ನೀರು ಚಿಮುಕಿಸಿ ಶುದ್ಧ ಮಾಡಿಕೊಂಡು ಉಡುತ್ತಿದ್ದರು. ಯಂತ್ರದ ಮಗ್ಗವನ್ನು ಹಿಂದಿನ ವರ್ಷ ಸೋಲಾಪುರದ ಪೂರ್ವದಲ್ಲಿದ್ದ ಒಂದು ಸಣ್ಣ ಶೆಡ್ಡಿನಲ್ಲಿ ನೂಲಿನ ಉರುಳೆ ಹೊರುತ್ತ ಕಣ್ಣಿನಿಂದಲೇ ಕಲಿತಿದ್ದೆ. ನೇಕಾರ ಚಹಾಕ್ಕೆ ಹೋದಾಗ ಅವನ ಮಗ್ಗ ನಡೆಸಿಯೂ ಇದ್ದೆ. ಹಾಸಿನ ಉದ್ದ ಎಳೆ ಹರಿದರೆ ಗಂಟು ಹಾಕಲು ಬರುತ್ತಿತ್ತು, ಹಣಿಗೆಯಲ್ಲಿ ಎಳೆ ಸೇರಿಸಲು ಬರುತ್ತಿತ್ತು. ತೊಂದರೆ ಇದ್ದದ್ದು ಕೈಯಲ್ಲಲ್ಲ, ಬಾಯಲ್ಲಿ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಡ್ಡನೂಲು ಇರುವುದು ಲಾಳಿಯ ಹೊಟ್ಟೆಯಲ್ಲಿ, ಕಂಡಿಕೆಗೆ ಸುತ್ತಿಕೊಂಡು. ಕಂಡಿಕೆ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಆಗ ಹೊಸದನ್ನು ಹಾಕಿ, ಲಾಳಿಯ ಮಗ್ಗುಲಲ್ಲಿರುವ ಸಣ್ಣ ತೂತಿನ ಹೊರಗೆ ನೂಲಿನ ತುದಿ ತರಬೇಕು. ತರುವುದು ಹೇಗೆ? ತೂತಿಗೆ ತುಟಿ ಹಚ್ಚಿ ಒಂದು ಸಲ ಜೋರಾಗಿ ಉಸಿರು ಎಳೆದರೆ ನೂಲು ಸರ್ರನೆ ಬಾಯಿಗೆ ಬರುತ್ತದೆ. ಎರಡು ಮಗ್ಗಕ್ಕೆ ಸೇರಿ ಒಂದು ಪಾಳಿಯಲ್ಲಿ ಇನ್ನೂರು ಸಲ ಬಾಯಿ ಹಚ್ಚಬೇಕು. ಲಾಳಿಗಳು ಮಗ್ಗದವು, ಮನುಷ್ಯನವಲ್ಲ. ನಾನು ಬಾಯಿ ಹಚ್ಚಿ ಬಿಟ್ಟದ್ದಕ್ಕೇ ಎರಡನೆಯ ಪಾಳಿಯವನು ಬಾಯಿ ಹಚ್ಚಬೇಕು. ನಮ್ಮವರನ್ನು ಮಗ್ಗದ ಖಾತೆಯೊಳಗೆ ಬಿಡದ ಕಾರಣ ಇದೊಂದೇ. ಅಸ್ಪೃಶ್ಯತೆಯ ವಿರುದ್ಧ ಕಾಯ್ದೆ ಬಂದಿದೆ ಎಂದು ಭಾವ ಪತ್ರಿಕೆ ಓದಿ ಹೇಳಿದ್ದ. ಕಾಯ್ದೆಗೆ ಆ ತೂತಿನವರೆಗೆ ಬರುವ ದಾರಿ ಗೊತ್ತಿರಲಿಲ್ಲ.

ಈ ಮಿಲ್ಲಿನಲ್ಲಿ ಮೊದಲ ಸಲ ಲಾಳಿಯನ್ನು ಬಾಯಿಯ ಹತ್ತಿರ ತಂದೆ. ತೂತಿನ ಸುತ್ತ ಹಿಂದಿನವನ ತಂಬಾಕಿನ ವಾಸನೆ. ಎಳೆದೆ. ಎಣ್ಣೆ, ಹತ್ತಿಯ ಧೂಳು, ಆಮೇಲೆ ನೂಲು. ಸುತ್ತ ನೋಡಿದೆ. ಯಾರ ಗಮನವೂ ಇತ್ತ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ದಿನಕ್ಕೆ ಇನ್ನೂರು ಸಲ ಹೆಗಲು ಮುಟ್ಟಿ ನೋಡಿಕೊಳ್ಳತೊಡಗಿದೆ.

ಸಂಜೆ ಭಾವನಿಗೆ ಹೇಳಿದೆ. ಅವನ ಕೈಯೊಳಗಿನ ರೊಟ್ಟಿ ತಾಟಿಗೆ ಬಿತ್ತು.

“ತಲಿ ಗಿಲಿ ಕೆಟ್ಟೈತೇನ ನಿಂದು? ಅಲ್ಲಿ ಬಾಯಿ ಹಚ್ಚಿ ಬಂದಿ?”

“ಜಾಬರ್ ಕರದ, ಹೋದೆ.”

“ಹುಲಿ ಕರದ್ರ ಅದರ ಬಾಯಾಗೂ ಹೋಗ್ತಿ ಏನ? ಹಿಂದ ಒಬ್ಬಾಂವ ಹಿಂಗ ಹೊಕ್ಕಿದ್ದ. ಗೊತ್ತಾದ ದಿನ ಎಲ್ಲಾರೂ ಮಗ್ಗ ಬಂದ್ ಮಾಡಿ ಅವನ್ನ ಅಂಗಳಕ್ಕ ಎಳಕೊಂಡು ಬಂದ್ರು. ಕೈ ಮುರದ್ರು, ಸಿದ್ರಾಮಾ. ಬಲಗೈ.”

ಅಕ್ಕ ಒಲೆಯ ಮುಂದೆ ಕೂತವಳು ತಿರುಗಿ ನೋಡಲಿಲ್ಲ. “ನಾಳಿ ಹೋಗಬ್ಯಾಡ” ಎಂದಷ್ಟೇ ಅಂದಳು. ನಾನು ಮರುದಿನವೂ ಹೋದೆ.

ನನ್ನ ಪಕ್ಕದ ಎರಡು ಮಗ್ಗ ಒಬ್ಬ ಹಿರಿಯ ನೇಕಾರನವು. ಅಕ್ಕಲಕೋಟದ ಕಡೆಯವನು, ಹಣೆಯ ತುಂಬ ವಿಭೂತಿ, ಕಿವಿಯ ಮೇಲೆ ಬೂದುಬಣ್ಣದ ಕೂದಲು. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ನನ್ನ ಮರಾಠಿ ಕೇಳಿದ ಕೂಡಲೇ ಅವನಿಗೆ ನಗು. “ಕನ್ನಡದಾಂವ ಅದಿಯಲ್ಲೋ! ಸುಳ್ಳೇ ಯಾಕ ನಾಲಿಗಿ ತಿರುವತಿ?” ಅಂದ. ಅಂದ ಎಂದರೆ ತುಟಿ ಆಡಿಸಿ ತೋರಿಸಿದ. ಮಗ್ಗದ ಖಾತೆಯಲ್ಲಿ ಮಾತಿಗೆ ಕಿವಿ ಕೆಲಸಕ್ಕೆ ಬರುವುದಿಲ್ಲ, ನೂರಾರು ಮಗ್ಗಗಳ ಬಡಿತದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ನನಗೂ ಒಂದು ವಾರದಲ್ಲಿ ಅದು ಬಂತು. ಬಂದದ್ದೇ ಹೊಸ ಸಂಕಟವಾಯಿತು. ನಾಲ್ಕು ಸಾಲು ಆಚೆ ಇಬ್ಬರು ನನ್ನ ಕಡೆ ನೋಡಿ ತುಟಿ ಆಡಿಸಿದರೆ, ಅವರು ಬಿಸಿಲಿನ ಮಾತೇ ಆಡುತ್ತಿದ್ದರೂ ನನ್ನ ಎದೆ ಹಣಿಗೆಗಿಂತ ಜೋರಾಗಿ ಬಡಿಯುತ್ತಿತ್ತು.

ಕಾಕಾ ಕಲಿಸಿದ್ದು ಬಹಳ. ಕಣ್ಣು ಒಂದು ಮಗ್ಗದ ಮೇಲಿದ್ದರೂ ಇನ್ನೊಂದರ ಸದ್ದಿನಲ್ಲಿ ಎಳೆ ಹರಿದದ್ದು ತಿಳಿಯುವುದು, ಒಂದು ಲಾಳಿ ಓಡುತ್ತಿರುವಾಗಲೇ ಇನ್ನೊಂದಕ್ಕೆ ನೂಲು ಎಳೆದು ಸಿದ್ಧವಿಡುವುದು, ಬೆವರಿದ ಕೈ ಬಟ್ಟೆಗೆ ತಾಗದ ಹಾಗೆ ನಿಲ್ಲುವುದು. ಉಗಿ ಬಿಟ್ಟು ಸದಾ ಹಸಿ ಇಡುತ್ತಿದ್ದ ಆ ಶೆಡ್ಡಿನಲ್ಲಿ ಒಂಬತ್ತು ಗಂಟೆಗೇ ಅಂಗಿ ಮೈಗೆ ಅಂಟುತ್ತಿತ್ತು. ಅದರ ನಡುವೆ ಅವನ ಪ್ರಶ್ನೆಗಳು.

“ಊರ ಯಾವ್ದು?”

“ಕುರನೂರ.”

ಅವನ ಮುಖ ಅರಳಿತು. “ನಮ್ಮ ಬೀಗರು ಅಲ್ಲೇ ಅದಾರಲ್ಲೋ! ನೀ ಯಾರ ಪೈಕಿ?”

ನನ್ನ ಕೈಯಲ್ಲಿ ಕಂಡಿಕೆ ಇತ್ತು, ಅದು ಕೆಳಗೆ ಬಿದ್ದು ಉರುಳಿತು. ಹೆಕ್ಕುವ ನೆಪದಲ್ಲಿ ಬಗ್ಗಿದೆ. “ನಮ್ದು ಹೊಳಿ ದಂಡಿ ಮ್ಯಾಲ ಮನಿ ರೀ” ಅಂದೆ. ಅದೂ ಸುಳ್ಳಲ್ಲ. ನಮ್ಮ ಕೇರಿ ಇರುವುದು ಊರ ಹೊರಗೆ, ಬೋರಿ ಹೊಳೆಯ ದಂಡೆಯಲ್ಲಿ. ಅವನ ಹಾಸಿನ ಎಳೆ ಹರಿದು ಅವನು ಆ ಕಡೆ ತಿರುಗಿದ. ನಾನು ಆ ಎಳೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಎರಡನೆಯ ವಾರ ನನ್ನ ಲಾಳಿ ಹಾರಿತು. ಮಗ್ಗ ಸ್ವಲ್ಪ ಲಯ ತಪ್ಪಿದರೆ ಲಾಳಿ ದಾರಿ ಬಿಟ್ಟು ಗುಂಡಿನ ಹಾಗೆ ಹೊರಗೆ ಚಿಮ್ಮುತ್ತದೆ. ಕಂಬಕ್ಕೆ ಬಡಿದು ಅದರ ಮೂತಿ ಸೀಳಿತು. ಹೊಸದನ್ನು ತರಲು ಉಗ್ರಾಣಕ್ಕೆ ಹೋಗಬೇಕು, ಅಷ್ಟು ಹೊತ್ತು ಮಗ್ಗ ನಿಲ್ಲಬೇಕು. ಕಾಕಾ ತನ್ನ ಕೈಯಲ್ಲಿದ್ದ ಲಾಳಿ ಚಾಚಿದ. ಹೊಳೆಯುವ ಹಳೆಯ ಮರ, ಅವನ ಬೆರಳು ತಾಗಿ ತಾಗಿ ನುಣುಪಾದದ್ದು.

“ತಗೋ. ನನ್ನ ಕಡೆ ಹೆಚ್ಚಿಂದೊಂದ ಐತಿ.”

“ಬ್ಯಾಡ್ರಿ ಕಾಕಾ.”

“ತಗೋಳಲೇ! ಲಾಳಿ ಏನ ಮಗಳೇನ, ಕೊಡಾಕ ವಿಚಾರ ಮಾಡಾಕ?”

ತೆಗೆದುಕೊಂಡೆ. ಎರಡು ದಿನ ಅದಕ್ಕೆ ಬಾಯಿ ಹಚ್ಚಿದೆ. ಮೂರನೆಯ ದಿನ ಹೊಸ ಲಾಳಿ ಬಂತು, ಅವನದನ್ನು ತಿರುಗಿ ಕೊಟ್ಟೆ. ಕೊಡುವ ಮೊದಲು ಅಂಗಿಯ ತುದಿಯಿಂದ ಆ ತೂತನ್ನು ಎಷ್ಟು ಒರೆಸಿದೆನೋ! ಅವನು ಅದನ್ನು ನೋಡದೆಯೇ ಕಂಡಿಕೆ ಹಾಕಿ, ತುಟಿ ಹಚ್ಚಿ, ಸರ್ರನೆ ಎಳೆದ. ಅಪರಾಧ ಮಾಡಿದೆನೆಂದು ಅನಿಸಿತು, ಹಾಗೆ ಅನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಎರಡೂ ಒಟ್ಟಿಗೇ ಇದ್ದವು.

ಒಂದು ದಿನ ಜಾಬರ್ ಬಂದು ನನ್ನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ತಪ್ಪು ಕಾಣಲಿಲ್ಲ. ಜ್ವರ ಬಿದ್ದವನು ಒಟ್ಟು ಆರು ವಾರಕ್ಕೆ ಬರುತ್ತಾನೆ, ಅಲ್ಲಿಯವರೆಗೆ ನೇಯ್ದ ಬಟ್ಟೆ ಅಳತೆಗೆ ಕಡಿಮೆ ಬೀಳದಿದ್ದರೆ ಪಾಸಿಗೆ ಹೆಸರು ಕಳಿಸುತ್ತೇನೆ ಎಂದ. ಆದರೆ ಪದ್ಧತಿಯೊಂದಿತ್ತು. ಕಾಯಂ ನೇಕಾರನೊಬ್ಬ ‘ಇವನ ಓಳಖ ನನಗಿದೆ’ ಎಂದು ಕಾಗದದ ಮೇಲೆ ಸಹಿ ಮಾಡಬೇಕು. ಓಳಖ ಎಂದರೆ ಗುರುತು: ಇವನನ್ನು ಬಲ್ಲೆ, ಇವನ ಊರು ಬಲ್ಲೆ, ಇವನ ಮಂದಿಯನ್ನು ಬಲ್ಲೆ.

“ನಾ ಮಾಡ್ತೀನಿ” ಅಂದ ಕಾಕಾ, ಎದೆ ತಟ್ಟಿಕೊಂಡು. “ನಮ್ಮ ಬೀಗರ ಊರಾಂವ!”

ಅಂಥ ಒಳ್ಳೆಯ ಮಾತು ಕೇಳಿ ಅಷ್ಟು ಹೆದರಿದವನು ನಾನೊಬ್ಬನೇ ಇರಬೇಕು.

ಐದು ವಾರ ನಾನು ಕ್ಯಾಂಟೀನಿನ ಹೊಸ್ತಿಲು ತುಳಿದಿರಲಿಲ್ಲ. ಹೊಟ್ಟೆ ಸರಿಯಿಲ್ಲ, ಚಹಾ ಆಗುವುದಿಲ್ಲ ಎಂದು ಏನೇನೋ ನೆಪ. ಕೊನೆಯ ವಾರದ ಸೋಮವಾರ ಕಾಕಾ ಕೇಳಲಿಲ್ಲ. ರಟ್ಟೆ ಹಿಡಿದು ಎಳೆದುಕೊಂಡೇ ಹೋದ. “ಶನಿವಾರ ನಿನ್ನ ಕಾಗದಕ್ಕ ಸಹಿ ಮಾಡಾಂವ ನಾ. ನನ್ನ ಜೋಡಿ ಒಂದ ಕಪ್ಪ ಚಾ ಕುಡಿಯಂಗಿಲ್ಲಂದ್ರ ಹ್ಯಾಂಗ?”

ಕೂರಲು ಉದ್ದನೆಯ ಬಾಕು, ಮುಂದೆ ಮೇಜು, ಬಿಳಿಯ ಕಪ್ಪುಗಳು. ಚಹಾ ಕುಡಿದೆ. ಕಾಕಾ ಯಾವುದೋ ಹಳೆಯ ಸಂಪಿನ ಕಥೆ ಹೇಳುತ್ತಿದ್ದ, ನಗುತ್ತಿದ್ದೆ. ನಿಜವಾಗಿ ನಗುತ್ತಿದ್ದೆ, ಐದು ವಾರದಲ್ಲಿ ಮೊದಲ ಸಲ. ಆ ನಗುವೇ ನನ್ನನ್ನು ಕೆಡಿಸಿತು. ಎದ್ದೆ. ಕಪ್ಪು ತೆಗೆದುಕೊಂಡು ಮೂಲೆಯ ನೀರಿನ ತೊಟ್ಟಿಗೆ ಹೋದೆ. ಮೂರು ಸಲ ತೊಳೆದೆ. ಉಳಿದ ಕಪ್ಪುಗಳ ಹತ್ತಿರ ಇಡದೆ, ಕಿಟಕಿಯ ಹೊರಗಟ್ಟೆಯ ಮೇಲೆ ಒಂದನ್ನೇ ಬೋರಲು ಹಾಕಿದೆ. ತಿರುಗಿ ಬಂದು, ನಾನು ಕೂತಿದ್ದ ಜಾಗಕ್ಕೆ ಅಂಗೈಯ ನೀರು ಚಿಮುಕಿಸಿ ಒರೆಸಿದೆ.

ಅಕ್ಕಲಕೋಟದ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿಯಲ್ಲಿ ನಮ್ಮ ಕಪ್ಪು ಹೊರಗಿನ ಗೂಡಿನಲ್ಲಿರುತ್ತದೆ. ನಾವೇ ತೊಳೆದು, ನಾವೇ ಬೋರಲು ಹಾಕಿ, ಕೂತ ಜಾಗ ನಾವೇ ಒರೆಸಿ ಬರಬೇಕು. ನಾಲ್ಕು ವರ್ಷದವನಿದ್ದಾಗಿನಿಂದ ಮಾಡಿದ ಕೆಲಸ. ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಹತ್ತೊಂಬತ್ತನೆಯ ಬೆಳಗು ಮೇಲೆ ಹೋದ ಕೈಯೇ ಇವತ್ತು ಕಪ್ಪು ತೊಳೆದು ಇಟ್ಟಿತು.

ತಲೆ ಎತ್ತಿದೆ. ಕಾಕಾನ ಕಥೆ ನಿಂತಿತ್ತು. ಅವನು ಕಿಟಕಿಯ ಆಚೆ ಆ ಒಂಟಿ ಕಪ್ಪನ್ನು ನೋಡುತ್ತಿದ್ದ. ಬೇರೆ ಯಾರೂ ನೋಡಿರಲಿಲ್ಲ. ಭೋಂಗಾ ಕೂಗಿತು, ಎದ್ದು ಹೋದ. ಉಳಿದ ಪಾಳಿಯಲ್ಲಿ ಅವನ ತುಟಿ ಒಂದು ಸಲವೂ ನನ್ನ ಕಡೆ ಆಡಲಿಲ್ಲ.

ಪಾಳಿ ಮುಗಿದ ಮೇಲೆ ಬಾಗಿಲ ಹೊರಗಿನ ಬೇವಿನ ಗಿಡದ ಕೆಳಗೆ ನಿಂತಿದ್ದ. ದಾಟಿ ಹೋಗುವುದನ್ನು ಬಿಟ್ಟು ಅವನ ಮುಂದೆ ನಿಂತೆ.

“ಕಪ್ಪ ಯಾಕ ತೊಳದಿ?”

“ಹಂಗ... ರೂಢಿ ರೀ.”

“ಅದು ಎಲ್ಲೀ ರೂಢಿ ಅಂಬೂದು ನನಗ ಗೊತ್ತಿಲ್ಲೇನ?” ಅವನ ದನಿ ಏರಲಿಲ್ಲ. ಏರಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. “ಕೇಳ ಇಲ್ಲಿ. ಒಂದ ಸಲ ಕೇಳ್ತೀನಿ. ನೀ ಏನಂತಿ ಅದನ್ನ ನಂಬ್ತೀನಿ. ಕುರುಬರಾಂವ ಅಂದ್ರ ಕುರುಬರಾಂವ. ಮತ್ತೆಂದೂ ಈ ಮಾತ ತಗ್ಯಂಗಿಲ್ಲ. ಯಾರ ಪೈಕಿ ನೀ?”

ತಪ್ಪಿಸಿಕೊಳ್ಳಲು ಅವನೇ ಬಾಗಿಲು ತೆರೆದು ಹಿಡಿದಿದ್ದ. ಒಂದು ಶಬ್ದ ಸಾಕಾಗಿತ್ತು. ಆ ಶಬ್ದ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದನ್ನು ಹೇಳಿದರೆ ಅದರ ಹಿಂದೆ ಇನ್ನೊಂದು ಹೇಳಬೇಕು, ಬೀಗರು ಬಂದಾಗ ಮತ್ತೊಂದು, ಹೆಂಡತಿ ಬಂದಾಗ ಅವಳ ಬಾಯಿಂದಲೂ ಒಂದು. ಆರು ವಾರ ಹೆದರಿದ್ದೆ. ಮೂವತ್ತು ವರ್ಷ ಹೆದರಲು ನನ್ನಲ್ಲಿ ಶಕ್ತಿ ಇರಲಿಲ್ಲ.

“ಮಹಾರವಾಡದಾಂವ ರೀ ಕಾಕಾ” ಅಂದೆ.

ಅವನ ಕೈ ತಾನೇ ಬಾಯಿಗೆ ಹೋಯಿತು. ರಸ್ತೆಯ ನಳದ ಕಡೆ ನಡೆದ. ಬಾಯಿ ಮುಕ್ಕಳಿಸಿ ಉಗುಳಿದ, ಮತ್ತೆ ಮುಕ್ಕಳಿಸಿದ. ನಾನು ಅಲ್ಲೇ ನಿಂತು ನೋಡಿದೆ. ಹೊಡೆದಿದ್ದರೆ ಇದಕ್ಕಿಂತ ಹಗುರಾಗಿರುತ್ತಿತ್ತು. ಅವನು ತಿರುಗಿ ನೋಡದೆ ಹೋದ.

ಭಾವ ಎಲ್ಲವನ್ನೂ ಕೇಳಿ ಗೋಡೆಗೆ ಒರಗಿದ. “ಮುಂಜಾನಿ ಮೊದಲನೇ ಗಾಡಿಗೆ ಊರಿಗೆ ಹೋಗಿಬಿಡು. ನಿನ್ನ ಸಲುವಾಗಿ ನನ್ನ ನೌಕರಿನೂ ಹೋಗ್ತದ” ಅಂದ. ಅವನ ಮಾತು ತಪ್ಪಲ್ಲ. ಅಕ್ಕ ರೊಟ್ಟಿ ಕಟ್ಟಿಕೊಟ್ಟಳು.

ಮಂಗಳವಾರ ಬೆಳಿಗ್ಗೆ ಗಂಟು ಹಿಡಿದು ಎಸ್.ಟಿ. ಬಸ್ ನಿಲ್ದಾಣಕ್ಕೆ ಹೋದೆ. ಅಕ್ಕಲಕೋಟದ ಗಾಡಿ ನಿಂತಿತ್ತು. ಹತ್ತಿ ಕೂತೆ. ಮಿಲ್ಲಿನ ಮೊದಲ ಭೋಂಗಾ ಕೂಗಿತು. ಇಷ್ಟು ದಿನ ಆ ಸದ್ದಿಗೆ ಓಡುತ್ತಿದ್ದವನು ಕಿಟಕಿಯ ಸರಳು ಹಿಡಿದು ಕೂತೆ. ಕಂಡಕ್ಟರ್ ಬಂದ.

“ಕುಠಂ?”

ಎಲ್ಲಿಗೆ? ಬಾಯಿ ತೆರೆದೆ, ಊರಿನ ಹೆಸರು ಬರಲಿಲ್ಲ. ಬಂದದ್ದು ಕಣ್ಣ ಮುಂದೆ ಚಾವಡಿಯ ಮೂಲೆ, ಅಲ್ಲಿ ಒರಗಿಸಿದ ಕೋಲು, ಅದರ ಗೆಜ್ಜೆ. ಅಪ್ಪ ಅದನ್ನು ಒಪ್ಪಿಸಿ ಬಂದಾಗ ಅವನೂ ಹೀಗೇ ಹೆದರಿದ್ದಿರಬೇಕು, ಆದರೂ ಒಪ್ಪಿಸಿದ್ದ. ಈಗ ನಾನು ಊರಲ್ಲಿ ಇಳಿದು ಹೋಗಿ ಅದನ್ನು ಎತ್ತಿಕೊಳ್ಳಬೇಕು.

“ಅರೇ, ಕುಠಂ ಜಾಯಚಂ?”

“ಕುಠಂ ನಾಹೀ” ಅಂದೆ. ಎಲ್ಲಿಗೂ ಇಲ್ಲ. ಗಂಟು ಎತ್ತಿಕೊಂಡು ಇಳಿದೆ. ಎರಡನೆಯ ಭೋಂಗಾ ಕೂಗುವಾಗ ಓಡುತ್ತಿದ್ದೆ. ಧೈರ್ಯದಿಂದ ಓಡಿದೆ ಎಂದು ಯಾರೂ ತಿಳಿಯಬಾರದು. ಹಿಂದಿನ ಹೆದರಿಕೆ ಮುಂದಿನದಕ್ಕಿಂತ ದೊಡ್ಡದಿತ್ತು, ಅಷ್ಟೇ.

ಶೆಡ್ಡಿನಲ್ಲಿ ಎಲ್ಲವೂ ಎಂದಿನ ಹಾಗೇ ಇತ್ತು. ಯಾರೂ ನನ್ನ ಕಡೆ ನೋಡಲಿಲ್ಲ, ಅಂದರೆ ಅವನು ಇನ್ನೂ ಹೇಳಿರಲಿಲ್ಲ. ಕಾಕಾ ಬಂದ. ನಾನು ಎರಡು ದಿನ ಬಾಯಿ ಹಚ್ಚಿದ್ದ ಆ ನುಣುಪಾದ ಲಾಳಿಯನ್ನು ಎತ್ತಿ ಮುರುಕುಗಳ ಡಬ್ಬಿಗೆ ಹಾಕಿದ. ಆಮೇಲೆ ತೆಳು ತಂತಿಯೊಂದರ ತುದಿ ಬಗ್ಗಿಸಿ ಕೊಕ್ಕೆ ಮಾಡಿ, ನನ್ನ ಮಗ್ಗದ ಅಂಚಿನ ಮೇಲೆ ದೂರದಿಂದಲೇ ಇಟ್ಟ.

“ಇದರಿಂದ ನೂಲ ಎಳಿ. ಬಾಯಿ ಹಚ್ಚಬ್ಯಾಡ. ಯಾರರ ಕೇಳಿದ್ರ ಹಲ್ಲ ನೋಯ್ತಾವ ಅನ್ನು. ನಾ ಯಾರಿಗೂ ಹೇಳೂದಿಲ್ಲ.”

ಅವನ ಮಟ್ಟಿಗೆ ಅದು ದಯೆ. ನಾನೂ ಹಾಗೇ ತಿಳಿದು ಕೊಕ್ಕೆ ಹಿಡಿದೆ. ಆದರೆ ಕೊಕ್ಕೆಯಿಂದ ಆ ತೂತಿನಲ್ಲಿ ನೂಲು ಹುಡುಕುವುದೆಂದರೆ ಒಂದು ಉಸಿರಿನ ಕೆಲಸಕ್ಕೆ ಹತ್ತು ಉಸಿರು. ಒಂದು ಮಗ್ಗಕ್ಕೆ ಕೊಕ್ಕೆ ಆಡಿಸುವಷ್ಟರಲ್ಲಿ ಇನ್ನೊಂದು ಕಂಡಿಕೆ ಮುಗಿಸಿ ಸುಮ್ಮನೆ ನಿಂತಿರುತ್ತಿತ್ತು. ಮಂಗಳವಾರ ಬಟ್ಟೆ ಕಡಿಮೆ ಬಿತ್ತು. ಬುಧವಾರ ಇನ್ನೂ ಕಡಿಮೆ. ಗುರುವಾರ ಜಾಬರ್ ಬಂದು ನಿಂತ, ಕೊಕ್ಕೆ ನೋಡಿದ, ಹಲ್ಲಿನ ಕಥೆ ಕೇಳಿದ.

“ದಾತ ಕಾಢೂನ ಟಾಕ” ಅಂದ. ಹಲ್ಲು ಕೀಳಿಸಿ ಹಾಕು. ಬಟ್ಟೆ ಹೀಗೇ ಬಿದ್ದರೆ ಶನಿವಾರ ಪಾಸಿನ ಮಾತೇ ಇಲ್ಲ ಎಂದು ಹೇಳಿ ಹೋದ.

ಕಾಕಾ ಜಾಬರನ ತುಟಿ ನೋಡಿ ಮಾತು ತಿಳಿದುಕೊಂಡ. ತನ್ನ ಹಾಸಿನ ಕಡೆ ಬಗ್ಗಿದ.

ಶುಕ್ರವಾರ ಬೆಳಿಗ್ಗೆ ಮಗ್ಗ ಶುರು ಮಾಡುವ ಮೊದಲು ನಾನು ಕೊಕ್ಕೆ ತೆಗೆದುಕೊಂಡು ಹೋಗಿ ಅವನ ಮಗ್ಗದ ಅಂಚಿನ ಮೇಲೆ ಇಟ್ಟೆ. ಸುತ್ತ ಆಗಲೇ ಬಡಿತ ಶುರುವಾಗಿತ್ತು. ತುಟಿ ಬಿಡಿಸಿ ಬಿಡಿಸಿ ಹೇಳಿದೆ, ಒಂದಕ್ಷರವೂ ಅವನಿಗೆ ತಪ್ಪಬಾರದೆಂದು: “ಇದರಾಗ ಕೆಲಸ ಆಗೂದಿಲ್ರಿ. ನಾ ಬಾಯಿ ಹಚ್ಚಾಂವ ಅದೀನಿ. ನಿಮಗ ಒದರೂದಿದ್ರ ಈಗ ಒದರ್ರಿ.”

ನನ್ನ ಮಗ್ಗಕ್ಕೆ ಬಂದೆ. ಲಾಳಿ ಎತ್ತಿದೆ. ಅವನ ಕೈ ತನ್ನ ಮಗ್ಗದ ಹಿಡಿಕೆಯ ಮೇಲಿತ್ತು. ಅದನ್ನು ಎಳೆದು ಮಗ್ಗ ನಿಲ್ಲಿಸಿದರೆ ಪಕ್ಕದವನು ಕೇಳುತ್ತಾನೆ, ಅವನದೂ ನಿಲ್ಲುತ್ತದೆ, ಆಮೇಲೆ ಸಾಲು, ಆಮೇಲೆ ಶೆಡ್ಡು, ಆಮೇಲೆ ಅಂಗಳ. ನನ್ನ ಬಲಗೈಯನ್ನು ಒಂದು ಸಲ ನೋಡಿಕೊಂಡೆ. ತೂತಿಗೆ ತುಟಿ ಹಚ್ಚಿ ಎಳೆದೆ. ಬಾಯಿ ಒಣಗಿತ್ತು, ನೂಲು ಬರಲಿಲ್ಲ. ಮತ್ತೆ ಎಳೆದೆ. ಬಂತು.

ಅವನ ಮಗ್ಗ ನಿಂತಿತು. ಪಕ್ಕದವನು ಕತ್ತು ತಿರುಗಿಸಿ ‘ಏನು?’ ಎಂದು ಹುಬ್ಬು ಹಾರಿಸಿದ. ಕಾಕಾ ನನ್ನನ್ನು ನೋಡಿದ, ಅವನನ್ನು ನೋಡಿದ. ಆ ಹೊತ್ತಿನಲ್ಲಿ ನನ್ನ ಹೆಂಡತಿಯ ಮುಖ ನೆನೆಯಬೇಕೆಂದರೆ ಅದೂ ನೆನಪಿಗೆ ಬರಲಿಲ್ಲ.

“ಎಳಿ ಹರದೈತಿ” ಅಂದ ಕಾಕಾ. ಬಗ್ಗಿ, ಹರಿಯದಿದ್ದ ಹಾಸಿನಲ್ಲಿ ಇಲ್ಲದ ಎಳೆಯೊಂದನ್ನು ಹುಡುಕಿ, ಮಗ್ಗ ಮತ್ತೆ ಬಿಟ್ಟ. ಕೊಕ್ಕೆಯನ್ನು ಎತ್ತಿ ಕಾಲಕೆಳಗಿನ ಧೂಳಿಗೆ ಎಸೆದ.

ಆ ದಿನದ ಬಟ್ಟೆ ಆರು ವಾರದಲ್ಲೇ ಹೆಚ್ಚು ಬಿತ್ತು. ಹೆದರಿಕೆಗೆ ಕೈ ಎಷ್ಟು ಚುರುಕಾಗುತ್ತದೆ ಎಂಬುದು ನನಗೆ ಅವತ್ತೇ ತಿಳಿದದ್ದು.

ಶನಿವಾರ ಪಾಳಿ ಮುಗಿಯುವ ಹೊತ್ತಿಗೆ ಜಾಬರ್ ಕಾಗದ ಹಿಡಿದು ಬಂದ. ಕಾಕಾನ ಮುಂದೆ ಚಾಚಿ ಕೇಳಿದ: “ಓಳಖತೋಸ ನಾ ಯಾಲಾ?” ಇವನನ್ನು ಬಲ್ಲೆಯಲ್ಲ?

ಕಾಕಾ ಕನ್ನಡಕ ಹಾಕಿಕೊಂಡ. ಕಾಗದವನ್ನು ಮೇಲಿನಿಂದ ಕೆಳಗೆ ಓದಿದ, ಮತ್ತೊಮ್ಮೆ ಓದಿದ.

“ಓಳಖತೋ” ಅಂದ. “ಚಾಂಗಲಾ ಓಳಖತೋ.” ಚೆನ್ನಾಗಿ ಬಲ್ಲೆ. ಸಹಿ ಹಾಕಿದ.

ಜಾಬರ್ ಹೋದ ಮೇಲೆ ಕಾಕಾ ಮಾತಾಡಿದ, ನನ್ನ ಮುಖ ನೋಡದೆ, ಕನ್ನಡಕ ಒರೆಸುತ್ತ.

“ಗುರುವಾರ ಸಂಜಿಮುಂದ ನಮ್ಮ ಬೀಗರು ಬಜಾರಕ್ಕ ಬಂದಿದ್ರು. ಕೇಳಿದೆ. ಅವರ ಮೈಮ್ಯಾಲಿದ್ದ ಪಂಜಾ ನಿಮ್ಮಪ್ಪ ನೇದದ್ದಂತ. ಎಂಟ ವರ್ಷ ಆತಂತ, ಇನ್ನೂ ಹರದಿಲ್ಲ. ನೀರ ಚಿಮಕಿಸಿ ಉಟ್ಟೀವಿ ಅಂದ್ರು.” ಕನ್ನಡಕ ಜೇಬಿಗೆ ಹಾಕಿದ. “ನಾನೂ ಬಾಯಿ ತೊಳಕೊಂಡೀನಿ. ಮುಗೀತು. ಬಲ್ಲೆ ಅಂತ ಬರದೀನಿ, ಅದು ಸುಳ್ಳಲ್ಲ.”

“ಕಾಕಾ, ನಿಮ್ಮ ಉಪಕಾರ...”

“ಸುಮ್ಮನಿರ. ಲಾಳಿ ಗೀಳಿ ಮತ್ತ ಕೇಳಬ್ಯಾಡ ನನ್ನ.”

ಕೇಳಲಿಲ್ಲ. ಅವನು ನಿವೃತ್ತನಾಗುವವರೆಗೆ ಅದೇ ಶೆಡ್ಡಿನಲ್ಲಿ ಕೆಲಸ ಮಾಡಿದೆ, ಎಂದೂ ಅವನು ಕೊಡಲಿಲ್ಲ, ನಾನೂ ಕೇಳಲಿಲ್ಲ. ಆ ಸಹಿಯನ್ನೂ ಅವನು ಎಂದೂ ಹಿಂದೆ ತೆಗೆದುಕೊಳ್ಳಲಿಲ್ಲ. ಇವೆರಡರಲ್ಲಿ ಯಾವುದು ಕಾಕಾ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಆ ಶನಿವಾರ ಮನೆಗೆ ಹೋಗುವ ಮೊದಲು ಕ್ಯಾಂಟೀನಿಗೆ ಹೋದೆ, ಒಬ್ಬನೇ. ಪಾಸಿಗೆ ಹೆಸರು ಹೋಗಿತ್ತು. ಮರುದಿನ ಅಕ್ಕಲಕೋಟದ ಗಾಡಿ ಹತ್ತಬೇಕು, ಈ ಸಲ ಹೆಂಡತಿಯನ್ನು ಕರೆತರಲು. ಚಹಾ ತರಿಸಿದೆ. ಮೂರು ಬಾಕು ಆಚೆ ಕಾಕಾ ತನ್ನ ಜೊತೆಯವರ ಸಂಗಡ ಕೂತಿದ್ದ. ನೋಡಿದ, ಕರೆಯಲಿಲ್ಲ. ನಿಧಾನವಾಗಿ ಕುಡಿದು ಮುಗಿಸಿದೆ. ಕಪ್ಪು ಮುಂದೆ ಇತ್ತು, ತಳದಲ್ಲಿ ಒಂದಿಷ್ಟು ಪುಡಿ. ಕೈ ಅದರ ಕಡೆ ಹೊರಟಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಎದ್ದೆ.

ಬಾಗಿಲಿಗೆ ಹತ್ತು ಹನ್ನೆರಡು ಹೆಜ್ಜೆ. ಒಂದೊಂದು ಹೆಜ್ಜೆಗೂ ಬೆನ್ನ ಹಿಂದೆ ಯಾರೋ ‘ಏ’ ಎಂದು ಕರೆಯುತ್ತಾರೆಂದು ಕಾಯುತ್ತ ನಡೆದೆ. ಹೊಸ್ತಿಲಲ್ಲಿ ಕಾಲಿಟ್ಟಾಗ ಕ್ಯಾಂಟೀನಿನವನು ಬಂದು ಮೇಜಿನ ಮೇಲಿನ ಕಪ್ಪುಗಳನ್ನೆಲ್ಲ ಒಂದೇ ತಾಟಿಗೆ ಬಳಿದುಕೊಂಡ ಸದ್ದು ಕೇಳಿಸಿತು, ಆಮೇಲೆ ಅವೆಲ್ಲ ಒಟ್ಟಿಗೆ ತೊಟ್ಟಿಯ ನೀರಿಗೆ ಬಿದ್ದ ಸದ್ದು. ಅದರಲ್ಲಿ ನನ್ನದು ಯಾವುದೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ನಾನು ಹೊರಗೆ ಬಂದೆ.